ಓದದೆ ಹಾಕಿದ ಸಹಿ

"ಇದನ್ನ ನೀವೇ ಬರೆದಿದ್ದಾ? ನಿಜ ಹೇಳಿ!"

ಮಧುಶ್ರೀಯ ದನಿ ಇಷ್ಟು ಏರಿದ್ದನ್ನು ಆ ಇಂಗ್ಲಿಷ್ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಹದಿನೆಂಟು ಜನರೂ ತಲೆಯೆತ್ತಿ ನೋಡಿದರು. ಕಿಟಕಿ ಪಕ್ಕದ ಬೆಂಚಿನಿಂದ ಸಿದ್ದಾರೂಢ ಮೆಲ್ಲಗೆ ಎದ್ದು ನಿಂತ.

"ನಾನ ಬರದೀನ್ರಿ, ಮೇಡಂ."

"ನಾಲ್ಕು ತಿಂಗಳ ಹಿಂದೆ ಮೂರು ಸಾಲು ಬರೆಯೋಕೆ ಒದ್ದಾಡ್ತಿದ್ರಿ. ಈಗ ನೋಡಿದ್ರೆ ಇಂಥ ಪುಟ! ಎಐ ಹತ್ರ ಬರೆಸ್ಕೊಂಡು ಬಂದಿದ್ದು ತಾನೇ? ಕದ್ದ ಬರಹ ನನ್ನ ಕ್ಲಾಸಲ್ಲಿ ಬೇಡ."

"ಇಲ್ರಿ... ಅವ್ವ ಈಗ ನನಗ ಏನು ಹೇಳ್ತಾಳ ಅಂತ ಹೋದ ವಾರ ನೀವ ಕೇಳಿದ್ರಲ್ರಿ. ಅದಕ್ಕ ಬರದೆ."

ನಾನು ಕೇಳಿದ್ನಾ? ಯಾವಾಗ?

 ಮಧುಶ್ರೀಗೆ ನೆನಪಿರುವುದಾದರೂ ಹೇಗೆ? ನಾಲ್ಕು ತಿಂಗಳಿಂದ ಅವಳು ಯಾರ ನೋಟ್‌ಬುಕ್ಕನ್ನೂ ಓದಿರಲೇ ಇಲ್ಲ! ಪುಟದ ಫೋಟೋ ತೆಗೆದು ಎಐಗೆ ಕೊಡುವುದು, ಅದು ಹೇಳಿದ್ದನ್ನು ಕೆಂಪು ಪೆನ್ನಿನಲ್ಲಿ ಇಳಿಸುವುದು, ಕೆಳಗೊಂದು ಸಹಿ. ಅಂದು ಫೋನಿನಲ್ಲಿ ಚಾರ್ಜ್ ಇಲ್ಲದ್ದಕ್ಕೆ ಮೊದಲ ಬಾರಿ ಅವನ ಪುಟದ ಮೇಲಿನ ನಾಲ್ಕು ಸಾಲನ್ನು ಕಣ್ಣಾರೆ ಓದಿದ್ದಳು. ತಾನು ಮಾಡುತ್ತಿದ್ದುದನ್ನೇ ಅವನೂ ಮಾಡಿದ್ದಾನೆ ಎಂದುಕೊಂಡಳು, ಪುಣ್ಯಾತ್ಗಿತ್ತಿ!

ಆ ಕ್ಷಣ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ.

"ಸಾಕು, ಕೂತ್ಕೊಳ್ಳಿ," ಎಂದಳು.

ಅವನು ಕೂರಲಿಲ್ಲ. ದಿನವೂ ಕ್ಲಾಸ್ ಮುಗಿದ ಮೇಲೆ ಬೋರ್ಡ್ ಒರೆಸಿ, ಅವಳತ್ತ ನೋಡಿ ಒಮ್ಮೆ ನಕ್ಕು ಹೋಗುತ್ತಿದ್ದವನು, ಅಂದು ನೋಟ್‌ಬುಕ್ಕನ್ನು ಅವಳ ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿದ. ಆ ಒಂದು ನಗುವಿಗಾಗಿ ತಾನು ಎಷ್ಟು ಕಾಯುತ್ತಿದ್ದೆ ಎಂಬುದು ಅವಳಿಗೆ ಗೊತ್ತಾದದ್ದೂ ಅಂದೇ.

ಮಧುಶ್ರೀ ಇಟ್ಟಮಡುವಿನ ಚಿಕ್ಕಬೈರಪ್ಪನವರ ಒಬ್ಬಳೇ ಮಗಳು. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ. ಅದರ ಮಹಡಿಯ ಹಾಲ್‌ನಲ್ಲೇ ಮಗಳ ಕ್ಲಾಸು. ಸಿದ್ದಾರೂಢ ಗದಗದ ಕಡೆಯವನು. ಇಲ್ಲಿ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು, ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷಿನಲ್ಲಿ ಬರೆಯಲು ಬರಬೇಕು ಎಂದು ಎರಡು ಬಸ್ ಬದಲಿಸಿ ಬರುತ್ತಿದ್ದ.

ಮನೆಗೆ ಹೋದವಳೇ ಅವನ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದಳು. ಪ್ರತಿ ಪುಟವನ್ನೂ ಮೂರು ಸಲ ತಿದ್ದಿ ಬರೆದಿದ್ದ. ಅಂಚಿನಲ್ಲಿ ಕನ್ನಡದ ಪುಟ್ಟ ಟಿಪ್ಪಣಿಗಳು... 'ಸಣ್ಣ ವಾಕ್ಯ ಬರಿ ಅಂದಾರ ಮೇಡಂ.' 'ಈ ಸಾಲು ಮೇಡಂಗ ಸೇರೇತಿ!'

ಮೊದಲ ವಾರದ ಪುಟದಲ್ಲೇ ಬರೆದಿದ್ದ: ನನ್ನ ಅವ್ವ ತಂಗೆವ್ವ ತೀರಿಕೊಂಡು ಎರಡು ವರ್ಷವಾಯಿತು.

ಅದರ ಕೆಳಗೆ ಮಧುಶ್ರೀಯ ಸಹಿ!

ಹೋದ ವಾರ ಅವ್ವ ಮಾಡುತ್ತಿದ್ದ ಕಡಲೆಹಿಟ್ಟಿನ ಜುಣಕದ ಬಗ್ಗೆ ಬರೆದಿದ್ದ. ಆ ಒಂದು ಪುಟವನ್ನಷ್ಟೇ ಕಂಡ ಎಐ, 'ನಿಮ್ಮ ತಾಯಿ ಈಗ ನಿಮಗೆ ಏನು ಹೇಳುತ್ತಾರೆ? ಅದನ್ನೂ ಬರೆಯಿರಿ' ಎಂದಿತ್ತು. ಅವಳು ಹಿಂದುಮುಂದು ನೋಡದೆ ಇಳಿಸಿ ಸಹಿ ಹಾಕಿದ್ದಳು.

ಅದಕ್ಕೆ ಅವನ ಉತ್ತರವೇ ಇಂದಿನ ಪುಟ. ಅದರ ಕೊನೆಯ ಸಾಲುಗಳನ್ನು ಅವಳು ಈಗಷ್ಟೇ ಓದಿದಳು.

'ಅವ್ವ ಇಲ್ಲವೆಂದು ಮೇಡಂಗೆ ಗೊತ್ತು. ಗೊತ್ತಿದ್ದೂ ಕೇಳಿದ್ದಾರೆಂದರೆ, ನಾನು ಅವಳ ಜೊತೆ ಮಾತು ಬಿಡಬಾರದು ಎಂದಿರಬೇಕು. ನಿನ್ನೆ ಬಸ್ಸಿನಲ್ಲಿ ಎರಡು ವರ್ಷದ ಮೇಲೆ ಅವ್ವನ ಜೊತೆ ಮಾತಾಡಿದೆ. ಒಬ್ಬನೇ ಕುಳಿತು ಅಳಬೇಡ ಎಂದಳು.'

ಮಧುಶ್ರೀ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಯ್ಯೋ... ಇಂಥ ಪುಟವನ್ನ ಹಿಡ್ಕೊಂಡು ಕದ್ದಿದ್ದು ಅಂದೆನಲ್ಲಾ!

ಮುಂದಿನ ಎರಡು ಕ್ಲಾಸಿಗೂ ಅವನು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಭಾನುವಾರ ಮಧ್ಯಾಹ್ನ ಅವಳೇ ಬಿಟಿಎಂಗೆ ಹೋದಳು. ಅವನು ಊಟ ಮಾಡುವ ಖಾನಾವಳಿ ಎಲ್ಲಿದೆ ಎಂಬುದು ನೋಟ್‌ಬುಕ್ಕಿನಲ್ಲೇ ಇತ್ತು.

"ಮೇಡಂ! ನೀವು ಇಲ್ಲಿ?" ರೊಟ್ಟಿ ಮುರಿಯುತ್ತಿದ್ದ ಕೈ ಹಾಗೇ ನಿಂತಿತು.

"ಮೋಸ ಮಾಡಿದ್ದು ನೀವಲ್ಲ ಸಿದ್ದಾರೂಢ, ನಾನು." ಅವಳು ನೋಟ್‌ಬುಕ್ಕನ್ನು ಅವನೆದುರಿಗೆ ಇಟ್ಟಳು. "ನಿಮ್ಮ ಒಂದು ಪುಟಾನೂ ಓದಿರ್ಲಿಲ್ಲ. ಕೆಂಪು ಪೆನ್ನಲ್ಲಿದ್ದಿದ್ದೆಲ್ಲ ಎಐ ಹೇಳಿದ್ದು... ಅವ್ವನ ಪ್ರಶ್ನೇನೂ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಕದ್ದಾನ ಅಂದಿದ್ದು ತಡಕೊಂಡೆ ರೀ. ಇದನ್ನ ತಡಕೊಳ್ಳಾಕ ಆಗವಲ್ದು. ನಮ್ಮವ್ವನ್ನ ಒಬ್ಬರು ನೆನಪಿಟ್ಕೊಂಡಾರ ಅಂತ ತಿಳ್ಕೊಂಡಿದ್ದೆ. ಅವರ ಮ್ಯಾಲ ಮನಸ್ಸಿಟ್ಟಿದ್ದೆ... ಅವರು ಇರಲೇ ಇಲ್ಲೇನ್ರಿ?"

 ತನ್ನದಲ್ಲದ ಮಾತಿಗೆ ಸಿಕ್ಕಿದ ಪ್ರೀತಿಯನ್ನು ಯಾವ ಮುಖವಿಟ್ಟುಕೊಂಡು ಕೇಳುವುದು?

"ಕ್ಷಮಿಸಿ..."

"ನನಗೊಬ್ಬನಿಗೆ ಹೇಳಿದ್ರ ಏನು ಬಂತ್ರಿ? ಅಂದಿದ್ದು ಎಲ್ಲಾರ ಮುಂದ."

ಮಂಗಳವಾರ ಸಂಜೆ ಅವಳು ಬೋರ್ಡಿನ ಮುಂದೆ ನಿಂತಳು. ಬಾಗಿಲ ಬಳಿ ಸಿದ್ದಾರೂಢ ಬಂದು ನಿಂತದ್ದು ಕಂಡಿತು. ಒಳಗೆ ಬರಲಿಲ್ಲ.

ಅವಳು ಎಲ್ಲವನ್ನೂ ಹೇಳಿದಳು. ಫೋಟೋ, ಕೆಂಪು ಪೆನ್ನು, ಸಹಿ, ಒಂದನ್ನೂ ಬಿಡಲಿಲ್ಲ.

"ಹಂಗಾದ್ರೆ ನಾವೇ ಮನೇಲಿ ಎಐ ಹತ್ರ ಕಲೀಬಹುದಿತ್ತಲ್ಲ ಮೇಡಂ, ಇಲ್ಲಿಗ್ಯಾಕೆ ಬರ್ಬೇಕು?" ಮುಂದಿನ ಬೆಂಚಿನ ಪ್ರಿಯಾಂಕಾ ಸಿಟ್ಟಿನಿಂದ ಕೇಳಿದಳು.

"ಕಲೀಬಹುದು. ಅದು ಚೆನ್ನಾಗೇ ಹೇಳ್ಕೊಡತ್ತೆ. ಆದ್ರೆ ನಾನು ಓದ್ತೀನಿ ಅಂತ ನಂಬಿ ನೀವು ಬರೆದ್ರಿ. ನಾನು ಓದ್ಲಿಲ್ಲ. ಕಲೀಬೇಕಾಗಿರೋಳು ನಾನೇ."

ಆರು ಜನ ಬ್ಯಾಗ್ ಎತ್ತಿಕೊಂಡು ಹೊರಟರು. ಅವಳು ತಡೆಯಲಿಲ್ಲ. ಉಳಿದವರ ನೋಟ್‌ಬುಕ್ಕುಗಳನ್ನು ಅಂದು ಅಲ್ಲೇ, ಅವರೆದುರಿಗೇ ಕುಳಿತು ಒಂದೊಂದಾಗಿ ಓದಿದಳು. ಸಖತ್ ತಡವಾಯಿತು, ಆದರೂ ಯಾರೂ ಗೊಣಗಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಒಳಗೆ ಬಂದ.

"ನೀವು ಮನಸ್ಸಿಟ್ಟಿದ್ರಲ್ಲ, ಅವಳು ಆಗ ಇರ್ಲಿಲ್ಲ," ಎಂದಳು ಮಧುಶ್ರೀ, ತಲೆಯೆತ್ತದೆ. "ಈಗ ಇದಾಳೆ. ಅವಳಿಗೂ ನೀವಂದ್ರೆ ಇಷ್ಟ... ತುಂಬಾ ಇಷ್ಟ. ಇದನ್ನ ಯಾರೂ ಹೇಳ್ಕೊಟ್ಟಿಲ್ಲ."

ಅವನು ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸತೊಡಗಿದ.

"ಒಂದು ಕೇಳ್ಲಾ? ಈ ಪ್ರಶ್ನೆ ನಂದೇ. ನಿಮ್ಮವ್ವ... ನನ್ನ ಬೈದ್ರಾ?"

ಸಿದ್ದಾರೂಢನ ಕಣ್ಣು ತುಂಬಿತು, ತುಟಿಯಲ್ಲಿ ನಗುವೂ ಬಂತು.

"ಹೂಂ ರೀ. ಬಾಳ ಬೈದ್ಲು."

"ಆಮೇಲೆ?"

"ಬೈದು ಮುಗಿಸಿ, ಆ ಹುಡುಗಿ ಹೆಸರೇನೋ ಅಂತ ಕೇಳಿದ್ಲು."

"ಏನಂದ್ರಿ?"

"ಮಧುಶ್ರೀ ಅಂದೆ."

ಮೇಡಂ ಎನ್ನದೆ ಅವನು ಅವಳ ಹೆಸರು ಹೇಳಿದ್ದು ಅದೇ ಮೊದಲು. ಮಧುಶ್ರೀ ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಹೇಳಿ..."

"ಮಧುಶ್ರೀ."