ಪಿಂಟ್ಯಾನ ಒಣಗಿದ ಕಣ್ಣು

“ಇಷ್ಟ ದಿನಾ ಏನ್ ಮಾಡಾಕ ಹತ್ತಿದ್ರಿ?”

ಸವದತ್ತಿಯ ಪಶುವೈದ್ಯ ವಿರೂಪಾಕ್ಷ ಆಡಿದ ಮೊದಲ ಮಾತೇ ಅದು. ರಂಜನಾ ಕೈಯಲ್ಲಿದ್ದ ಗಂಟನ್ನು ಮೇಜಿನ ಮೇಲೆ ಬಿಚ್ಚಿದಳು. ಹೂಲಿಯಿಂದ ಬಸ್ಸಿನಲ್ಲಿ, ತನ್ನ ಪಗ್ ನಾಯಿ ಪಿಂಟ್ಯಾನನ್ನು ಓಢಣಿಯಲ್ಲಿ ಸುತ್ತಿ ತಂದಿದ್ದಳು.

“ಕಣ್ಣಾಗ ಗೀಜು ಬರಾಕ ಹತ್ತಿತ್ತು. ಧೂಳು ಬಿದ್ದಿರಬೇಕು ಅಂತ...”

ಅವನು ಪಿಂಟ್ಯಾನ ಕೆಳರೆಪ್ಪೆಯೊಳಗೆ ತೆಳ್ಳನೆಯ ಕಾಗದದ ಪಟ್ಟಿ ಇಟ್ಟು, ಸ್ವಲ್ಪ ಹೊತ್ತಿಗೆ ತೆಗೆದ.

“ನೋಡ್ರಿ, ಒಣಾ ಐತಿ. ಕಣ್ಣಾಗ ನೀರ ಹುಟ್ಟವಲ್ದು. ಹಿಂಗ ಬಿಟ್ರ ಕುರುಡಾಗತೈತಿ.”

“ಆರಾಮ ಆಗತೈತ್ರಿ?”

“ಪೂರ್ತಿ ಹೋಗೂದಿಲ್ಲ. ಆದ್ರ ಹದ್ದುಬಸ್ತಿನಾಗ ಇಡಬಹುದು. ಮುಲಾಮು, ಹನಿ, ದಿನಾ ಹಾಕಬೇಕು. ಅದರ ಜೀವ ಇರೂತನಕ.”

ರಂಜನಾ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲು ಹನಿ, ಬಂದ ಮೇಲೆ ಹನಿ, ಆಮೇಲೆ ಡಾಕ್ಟರಿಗೆ ಕಣ್ಣಿನ ಫೋಟೋ. ‘ಹೊಳಪು ಬರಾಕ ಹತ್ತೈತಿ’ ಎಂಬ ಉತ್ತರ ಬರುತ್ತಿತ್ತು. ಒಮ್ಮೆ ಅದರ ಕೆಳಗೆ ‘ನಿಮ್ಮ ಊಟ ಆತ?’ ಎಂದೂ ಇತ್ತು. ಅವತ್ತು ಅವಳಿಗೆ ಊಟವೇ ಸೇರಲಿಲ್ಲ.

ಆದರೆ ವಾಸಿಯಾಗುತ್ತಿದ್ದ ಕಣ್ಣು ಮತ್ತೆ ಕೆಂಪಾಯಿತು. ಮೇಲೆ ಮಸುಕು ಕಟ್ಟಿತು.

“ಹನಿ ಬಿಟ್ಟೀರಿ,” ಎಂದ ವಿರೂಪಾಕ್ಷ. “ಛಲೋ ಆತಂದ್ರ ಎಲ್ಲಾರೂ ಬಿಡ್ತಾರ.”

“ಇಲ್ರಿ, ನಾ ಬಿಟ್ಟಿಲ್ಲ.”

“ಮತ್ತ ಹೆಂಗ ಕೆಡತೈತಿ?”

ಎಲ್ಲಾರೂ... ಇವರ ಲೆಕ್ಕದಲ್ಲಿ ನಾನೂ ಎಲ್ಲರಂತೆಯೇ? ರಂಜನಾ ಪಿಂಟ್ಯಾನನ್ನು ಎತ್ತಿಕೊಂಡು ಹೊರಟುಬಿಟ್ಟಳು. ಆಮೇಲೆ ಅವನು ಎಷ್ಟು ಸಂದೇಶ ಕಳಿಸಿದರೂ ಉತ್ತರ ಕೊಡಲಿಲ್ಲ.

ಮರುದಿನ ಸಂಜೆ ಕೆಲಸದಿಂದ ಬಂದರೆ ಮನೆ ಮುಂದೆ ಅವನ ಬೈಕು! ಉತ್ತರ ಬಾರದೆ ಆಗಷ್ಟೇ ಹುಡುಕಿಕೊಂಡು ಬಂದಿದ್ದ ಅವನು ಅಂಗಳದಲ್ಲಿ ನಿಂತು ಕೆಮ್ಮುತ್ತಿದ್ದ. ಒಳಗೆಲ್ಲ ಘಾಟು. ಅಜ್ಜಿ ಶಟ್ಟೆವ್ವ ಕೆಂಡದ ಮೇಲೆ ಉಪ್ಪು, ಒಣಮೆಣಸಿನಕಾಯಿ ಸುರಿದು ಪಿಂಟ್ಯಾನ ಮುಖಕ್ಕೆ ನಿವಾಳಿಸುತ್ತಿದ್ದಳು.

“ಆಯಿ, ಏನಿದು?”

“ಕಣ್ಣು ಎಷ್ಟ ಚಂದ ಆಗ್ಯಾವಂತ ಓಣ್ಯಾಗ ಎಲ್ಲಾರೂ ಅಂದ್ರವ್ವ. ದೃಷ್ಟಿ ಆಗಬಾರ್ದಂತ ನೀ ಬರೂದ್ರಾಗ ದಿನಾ ತಗೀತೇನಿ.”

ವಿರೂಪಾಕ್ಷ ಪಿಂಟ್ಯಾನನ್ನು ಹೊರಗೆ ತಂದು ಸಲೈನಿನಿಂದ ಕಣ್ಣು ತೊಳೆದ.

“ಆಯಿ, ಒಣಗಿದ ಕಣ್ಣಿಗೆ ಈ ಹೊಗಿ ಭಾಳ ಕೆಟ್ಟದ್ರಿ.”

ಮುದುಕಿ ಕೆಂಡಕ್ಕೆ ನೀರು ಸುರಿದಳು. “ನಾನ ಕುರುಡ ಮಾಡಿದ್ನೇನಪ್ಪಾ?”

“ಈಗ ಹೇಳಾಕ ಬರೂದಿಲ್ರಿ. ನೋಡೂಣು.”

ಮುಂದಿನ ವಾರಗಳು ರಂಜನಾಳಿಗೆ ಯುಗಗಳಂತೆ ಕಳೆದವು. ಪಿಂಟ್ಯಾ ಹೊಸ್ತಿಲಿಗೆ ಎಡವಿದರೂ ಜೀವ ಬಾಯಿಗೆ ಬರುತ್ತಿತ್ತು. ವಿರೂಪಾಕ್ಷ ಪ್ರತಿ ಭಾನುವಾರ ಬಂದು ನೋಡಿ, ‘ಇನ್ನೂ ನೋಡೂಣು’ ಎಂದು ಹೋಗುತ್ತಿದ್ದ.

ಕೊನೆಗೊಂದು ಭಾನುವಾರ ಕಾಗದದ ಪಟ್ಟಿ ಒದ್ದೆಯಾಗಿ ಬಂತು. ಕಣ್ಣಿನ ಮಸುಕೂ ತೆಳುವಾಗಿತ್ತು.

“ಕಣ್ಣು ಉಳೀತು,” ಎಂದ. ರಂಜನಾ ಅತ್ತುಬಿಟ್ಟಳು.

“ಅವತ್ತ ನಿಮ್ಮ ಮಾತು ನಂಬಲಿಲ್ಲ. ತಪ್ಪಾತು,” ಎಂದ ವಿರೂಪಾಕ್ಷ.

“ಎಲ್ಲಾರಂಗ ಅಂದ್ರಿ ನನಗ.”

“ನೀವು ಎಲ್ಲಾರಂಗ ಇಲ್ಲ. ಅದು ಗೊತ್ತಿದ್ದೂ ಅಂದೆ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ ರಂಜನಾ...” ಅವನು ಪಿಂಟ್ಯಾನ ತಲೆ ಸವರಿದ. “ಇದಕ್ಕ ಜೀವ ಇರೂತನಕ ಹನಿ ಹಾಕಬೇಕು. ನಿಮ್ಮ ಜೋಡಿ ನಾನೂ ಹಾಕ್ಲ್ಯಾ?”

ಅವಳು ತಲೆ ತಗ್ಗಿಸಿದಳು. “ಮುಂಜಾನಿ ನಾ ಹಾಕ್ತೇನಿ. ಸಂಜಿಕೆ ನೀವು.”

ಅಷ್ಟರಲ್ಲಿ ಶಟ್ಟೆವ್ವ ಮುಷ್ಟಿ ತುಂಬ ಉಪ್ಪು ಹಿಡಿದು ಹೊರಗೆ ಬಂದಳು. ಇಬ್ಬರೂ ಗಾಬರಿಯಿಂದ ಎದ್ದು ನಿಂತರು.

“ಆಯಿ, ಹೊಗಿ...”

“ಹೊಗಿ ಹಾಕೂದಿಲ್ಲವ್ವ. ದೃಷ್ಟಿ ತಗದು ಉಪ್ಪು ನೀರಿಗೆ ಹಾಕ್ತೇನಿ,” ಎಂದಳು ಮುದುಕಿ, ತಂಬಿಗೆ ತೋರಿಸುತ್ತ. “ಕುಂದರ್ರಿ ಇಬ್ಬರೂ. ಪಿಂಟ್ಯಾನ್ನ ನಡಕ ಕುಂದರಸ್ರಿ.”