ಮುಚ್ಚಳದ ಒಳಗಿನ ರುಜು

ಜೂನ್ ಹದಿನೇಳು, ಸೋಮವಾರ, ಬೆಳಿಗ್ಗೆ ಏಳೂಕಾಲು. ಗಡಿಯಾರ ಕಸುಬಿನ ಲ ಲೋಕ್ಲ್ ಊರಿನ ಇನ್ಸ್‌ಪೆಕ್ಟರ್ ಒಡೀಲ್ ಪೆರ್ನೂ ಹಿತ್ತಿಲಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿದ್ದಾಗ ಕಾನ್‌ಸ್ಟೆಬಲ್ ಜಾಂದ್ರಾನ ಫೋನ್ ಬಂತು.

"ಮೇಡಂ, ಗಡಿಯಾರ ಕಾರ್ಖಾನೆ ಮಾಲೀಕ ಕಲಾಮ್ ಸಾಹೇಬರು ಬಂದಿದಾರೆ. ಅವರ ಗಡಿಯಾರಗಳಿಗೆ ಯಾರೋ ನೀರು ಕುಡಿಸಿದಾರಂತೆ."

"ಅವರಿಗೆ ಕಾಫಿ ಕುಡಿಸು. ಬಂದೆ."

ಎಂಟು ಗಂಟೆಗೆ ಎಫ್‌ಐಆರ್ ಆಯಿತು. ಹಿಂದಿನ ದಿನ ಕಲಾಮ್ ಮತ್ತು ಹನ್ನೊಂದು ಅತಿಥಿಗಳು ಅವನ ಕಾರ್ಖಾನೆಯ ಹೊಸ ಕ್ರೀಡಾ ಗಡಿಯಾರ ಕಟ್ಟಿಕೊಂಡು ಸರೋವರಕ್ಕೆ ಇಳಿದಿದ್ದರು. ಹನ್ನೆರಡೂ ನಿಂತುಹೋಗಿದ್ದವು.

"ಎಷ್ಟು ಆಳ ಇತ್ತು?"

"ಸೊಂಟದಷ್ಟು."

"ಗಡಿಯಾರದ ಮೇಲೆ ನೂರು ಮೀಟರ್ ಅಂತಿದೆ?"

"ಅದು ಕೊಳ್ಳೋರು ನೋಡೋ ಅಂಕೆ, ಮೇಡಂ. ಕೈ ತೊಳೆಯೋರಿಗೆ ಮೂವತ್ತೇ ಹೆಚ್ಚು."

"ಮೂವತ್ತು ಅಂತಲೇ ಬರೀಬಹುದಿತ್ತಲ್ಲ."

ಕಲಾಮ್ ಕಾಫಿ ಲೋಟ ಪಕ್ಕಕ್ಕೆ ಸರಿಸಿದ.

ಹತ್ತು ಗಂಟೆಗೆ ಪಂಚರ ಮುಂದೆ ಹಿಂಬದಿಯ ಮುಚ್ಚಳಗಳನ್ನು ಬಿಚ್ಚಲಾಯಿತು. ನೀರು ತಡೆಯುವ ರಬ್ಬರ್ ಬಳೆ ಒಂದರಲ್ಲೂ ಇರಲಿಲ್ಲ. ಬೆರಳಚ್ಚೂ ಇಲ್ಲ.

"ಪಾಕಡಾ ಆಸಾಮಿ," ಎಂದ ಜಾಂದ್ರಾ.

ಒಡೀಲ್ ಭೂತಗನ್ನಡಿ ಹಿಡಿದಳು. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂಥ ಗೀಚು: ಎಸ್.ಎಂ., ಜೂನ್ ೧೪. ಹನ್ನೆರಡರಲ್ಲೂ ಅದೇ. ಈ ಊರಿನ ಹಳೇ ಕಸುಬಿನವರು ಗಡಿಯಾರ ಬಿಚ್ಚಿದರೆ, ಮುಚ್ಚುವ ಮುನ್ನ ಒಳಗೆ ಗುರುತು ಗೀಚುತ್ತಾರೆ. ತಲೆ ಬೇಡವೆಂದರೂ ಕೈ ಬಿಡುವುದಿಲ್ಲ. ಪಂಚನಾಮೆಗೆ ಅದೂ ಸೇರಿತು.

ಕಾರ್ಖಾನೆಯಲ್ಲಿ ಆ ಅಕ್ಷರಗಳ ಕೆಲಸಗಾರ್ತಿ ಒಬ್ಬಳೇ: ರಬ್ಬರ್ ಬಳೆ ಕೂರಿಸುವ, ಮತ್ತೇ ಮನೆತನದ ಸೊಲಾಂಜ್. ಮಧ್ಯಾಹ್ನ ಮೂರೂ ನಲವತ್ತಕ್ಕೆ ಪೊಲೀಸರು ಮನೆಗೆ ಬಂದಾಗ ಅವಳು ಮಗಳು ಲೀನ್ ಜತೆ ಬಟಾಣಿ ಬಿಡಿಸುತ್ತಿದ್ದಳು.

"ನೀವೇನಾ ಮಾಡಿದ್ದು?"

"ನಾನೇ."

"ಗುರುತು ಯಾಕೆ ಹಾಕಿದ್ರಿ?"

ಸೊಲಾಂಜ್ ತನ್ನ ಕೈ ನೋಡಿಕೊಂಡಳು. "ಅಯ್ಯೋ, ಹಾಕಿದ್ನಾ? ಅಪ್ಪ ಕಲಿಸಿದ್ದು." ಆಮೇಲೆ ನಕ್ಕಳು. "ಹೋಗ್ಲಿ ಬಿಡಿ. ಆ ಕಲಾಮ್ ದೊಡ್ಡವರ ಮುಂದೆ ನೀರಲ್ಲಿ ನಿಂತು ಗಡಿಯಾರ ಅಲ್ಲಾಡಿಸ್ತಿದ್ನಂತೆ. ಮುಖ ಸುಟ್ಟ ಬದನೆಕಾಯಿ ಆಗಿತ್ತಂತೆ. ಹೊಟ್ಟೆ ತಣ್ಣಗಾಯ್ತು."

ಸೊಲಾಂಜಳ ಅಪ್ಪ ನಲವತ್ತು ವರ್ಷ ಅಲ್ಲೇ ನೀರಿನ ಪರೀಕ್ಷೆ ಮಾಡುತ್ತಿದ್ದವನು. ಹೋದ ವರ್ಷದ ಗಡಿಯಾರಗಳಿಗೆ ಅವನು ಪರೀಕ್ಷೆಯ ಪುಸ್ತಕದಲ್ಲಿ ಬರೆದದ್ದು ಮೂವತ್ತು ಮೀಟರ್, ಕಲಾಮ್ ಅಚ್ಚು ಹಾಕಿಸಿದ್ದು ನೂರು. ಈಜಿದವರ ಗಡಿಯಾರಗಳಿಗೆ ನೀರು ನುಗ್ಗಿದಾಗ ಕಲಾಮ್ ಮುದುಕನನ್ನು ಎಲ್ಲರೆದುರು ನಿಲ್ಲಿಸಿ, ತಪ್ಪು ಇವನದೇ, ಕಣ್ಣು ಮಂಜಾಗಿದೆ ಎಂದು ಹೇಳಿ ಹೊರಗೆ ಹಾಕಿದ. ಅವನು ಮತ್ತೆ ಬೀದಿಗೆ ಇಳಿಯಲೇ ಇಲ್ಲ. ಫೆಬ್ರವರಿಯಲ್ಲಿ ತೀರಿಕೊಂಡ.

ಬಂಧನದ ಸಮಯ, ನಾಲ್ಕೂ ಹತ್ತು. ಒಡೀಲ್ ಸೊಲಾಂಜ್ ಹೇಳಿದ ಈ ಕಾರಣವನ್ನೂ ಬರೆದು, ಪರೀಕ್ಷೆಯ ಪುಸ್ತಕವನ್ನು ಜಪ್ತಿ ಮಾಡಬೇಕೆಂದು ಕೆಳಗೆ ಸೇರಿಸಿದಳು. ಅಷ್ಟು ಹೊತ್ತೂ ಬಟಾಣಿ ಸಿಪ್ಪೆಯನ್ನು ಚೂರು ಮಾಡುತ್ತ ಕೂತಿದ್ದ ಲೀನ್ ತಲೆಯೆತ್ತಿದಳು.

"ಆಂಟಿ, ನಮ್ಮ ತಾತನ್ನೂ ಯಾರಾದ್ರೂ ಹೀಗೆ, ನೀವೇನಾ ಮಾಡಿದ್ದು ಅಂತ ಕೇಳಿದ್ರಾ?"