ದೊರೆಯ ಹೃದಯ ನಿಂತ ಮೇಲೆ

ಆಪರೇಷನ್ ಕೋಣೆಯ ಬಾಗಿಲು ತಳ್ಳಿದಾಗ ಅವಳು ಕಂಡದ್ದು ಇದು: ಹಸಿರು ನಿಲುವಂಗಿಯವನೊಬ್ಬ ಅವಳ ನಾಯಿಯ ಎದೆಯನ್ನು ಎರಡೂ ಕೈಗಳಿಂದ ಜಜ್ಜುತ್ತಿದ್ದ.

ದೊರೆ ಪಕ್ಕಕ್ಕೆ ಮಲಗಿತ್ತು. ಬಾಯಲ್ಲಿ ಉಸಿರಿನ ಕೊಳವೆ, ಬೂದಿ ಬಣ್ಣದ ನಾಲಿಗೆ. ಅವನು ಇಡೀ ಮೈಭಾರ ಹಾಕಿ ಒತ್ತುತ್ತಿದ್ದಂತೆ ಲಟಕ್ಕೆಂದು ಒಂದು ಸದ್ದು...

ಪಕ್ಕೆಲುಬು!

ಅವಳು ಓಡಿಹೋಗಿ ಅವನ ತೋಳು ಹಿಡಿದೆಳೆದಳು.

"ಏನ್ ಮಾಡ್ತಿದ್ದೀರಿ? ಸಾಯಿಸ್ತಿದ್ದೀರಲ್ಲ ಅವನನ್ನ!"

ಅವನು ತಲೆ ಎತ್ತಲಿಲ್ಲ. "ಹೃದಯ ನಿಂತಿದೆ. ಆಚೆ ನಿಲ್ಲಿ."

ನರ್ಸ್ ಅವಳನ್ನು ಗೋಡೆಯ ಬಳಿಗೆ ಸರಿಸಿದಳು. ಅವನೂ ನರ್ಸೂ ಸರದಿಯಲ್ಲಿ ಒತ್ತಿದರು, ಇಂಜೆಕ್ಷನ್ ಕೊಟ್ಟರು, ಮತ್ತೆ ಒತ್ತಿದರು. ಪರದೆಯ ಮೇಲಿನ ಗೆರೆ ಏಳಲೇ ಇಲ್ಲ. ಕೊನೆಗೆ ಡಾಕ್ಟರ್ ಕೈ ತೆಗೆದ.

ಅಪ್ಪ ತೀರಿಕೊಂಡ ಮೇಲೆ ಅಪ್ಪನದು ಅಂತ ಆ ಮನೆಯಲ್ಲಿ ಉಸಿರಾಡುತ್ತಿದ್ದದ್ದು ದೊರೆ ಒಂದೇ. ಕೂತಲ್ಲಿಂದ ಏಳದೆ ಎಲ್ಲರ ಕೈಲೂ ಸೇವೆ ಮಾಡಿಸಿಕೊಳ್ಳುತ್ತದೆ ಅಂತ ಅಪ್ಪನೇ ಆ ಹೆಸರಿಟ್ಟಿದ್ದರು. ದೊರೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಾಗ ಆಸ್ಪತ್ರೆಗೆ ಓಡಾಡಿದ್ದೆಲ್ಲ ಅಣ್ಣ. ಅವಳಿಗೆ ಹೊಲಿಗೆ ಅಂಗಡಿ ಬಿಟ್ಟು ಬರಲಾಗುತ್ತಿರಲಿಲ್ಲ. ಚಿಕ್ಕ ಆಪರೇಷನ್ ಪುಟ್ಟಿ, ಸಂಜೆಗೆ ಮನೆಗೆ ಬಂದುಬಿಡ್ತಾನೆ ಎಂದಿದ್ದ ಅಣ್ಣ. ಆದರೂ ಮನಸ್ಸು ತಡೆಯದೆ ಅವತ್ತು ಮಧ್ಯಾಹ್ನ ಅಂಗಡಿ ಮುಚ್ಚಿ ಆಸ್ಪತ್ರೆಗೆ ಬಂದಿದ್ದಳು.

ಸಂಜೆಗೆ ಬಂದದ್ದು ಬಟ್ಟೆಯಲ್ಲಿ ಸುತ್ತಿದ ದೇಹ.

ಅವಳು ಸುಮ್ಮನಿರಲಿಲ್ಲ. ಆಸ್ಪತ್ರೆಗೆ ಹೋಗಿ ಆ ಡಾಕ್ಟರನ್ನು ಮುಖದ ಮೇಲೆ ಹೊಡೆದಂತೆ ಬೈದು ಬಂದಳು. ಅಳತೆ ಕೊಡಲು ಬಂದವರಿಗೆಲ್ಲ, ಚಿಕ್ಕ ಆಪರೇಷನ್‌ಗೆ ಬಂದ ನಾಯಿಯ ಎಲುಬು ಮುರಿದು ಕೊಂದ ಅಂತ ಹೇಳಿದಳು. ಮಾತು ಬೀದಿ ತುಂಬ ಹಬ್ಬಿತು. ಅಲ್ಲಿಗೆ ಪ್ರಾಣಿಗಳನ್ನು ತರುವವರು ಕಡಿಮೆಯಾದರು.

ಅವನು ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

'ಎಷ್ಟು ಸೊಕ್ಕು...' ಅಂದುಕೊಂಡಳು ಅವಳು.

ಒಂದು ಮಧ್ಯಾಹ್ನ ಅವಳ ಅಂಗಡಿಯ ಎದುರಿಗೇ ಬೇಕರಿಯ ಅಜ್ಜಿಯ ಮುದಿ ನಾಯಿ ನಡೆಯುತ್ತಾ ನಡೆಯುತ್ತಾ ಕುಸಿದುಬಿತ್ತು. ಯಾರೋ ಓಡಿಹೋಗಿ ಡಾಕ್ಟರನ್ನು ಕರೆತಂದರು. ಅವನು ರಸ್ತೆಯಲ್ಲೇ ಮಂಡಿಯೂರಿ ಒತ್ತತೊಡಗಿದ. ತೋಳು ಸೋಲತೊಡಗಿದಾಗ ಸುತ್ತ ನೋಡಿದ. ನಿಂತವರೆಲ್ಲ ಹಿಂದೆ ಸರಿದರು.

"ನೀವು ಬನ್ನಿ," ಎಂದ ಅವಳಿಗೆ. "ಕೈ ಸೋತ್ರೆ ಒತ್ತಿದ್ದು ಒಳಗೆ ಮುಟ್ಟಲ್ಲ. ಇಲ್ಲಿ... ಜೋರಾಗಿ."

ಯಾಕೆ ಹೋದಳೋ ಅವಳಿಗೇ ತಿಳಿಯದು. ಅವನು ನಾಯಿಯ ಬಾಯಿ ಮುಚ್ಚಿ ಹಿಡಿದು ಮೂಗಿನೊಳಗೆ ಉಸಿರೂದಿದ. ಅವಳು ಒತ್ತಿದಳು. ಅಂಗೈ ಕೆಳಗೆ ಲಟಕ್ಕೆಂದಿತು. ಬೆಚ್ಚಿ ಕೈ ತೆಗೆದಳು.

"ನಿಲ್ಲಿಸ್ಬೇಡಿ. ಮುರಿದದ್ದು ಕೂಡ್ಕೊಳ್ಳುತ್ತೆ. ಒತ್ತಿ."

ಅಳುತ್ತಲೇ ಒತ್ತಿದಳು. ಆ ನಾಯಿಯೂ ಉಳಿಯಲಿಲ್ಲ.

ಅಜ್ಜಿ ಬಂದು ಕೂತ ಮೇಲೂ ಅವನು ಎದ್ದು ಹೋಗಲಿಲ್ಲ. ಮಡಚಿಹೋಗಿದ್ದ ನಾಯಿಯ ಕಿವಿಯನ್ನು ನೇರ ಮಾಡಿ, ಅಲ್ಲೇ ಧೂಳಿನಲ್ಲಿ ಕೂತಿದ್ದ. ಅವಳು ಅವನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

'ಇವನು ಕೊಂದವನಲ್ಲ... ನಾನೇನು ಮಾಡಿಬಿಟ್ಟೆ?'

ರಾತ್ರಿ ಮನೆಯಲ್ಲಿ ಅದನ್ನೇ ಹೇಳಿದಳು. ಅಣ್ಣ ತಟ್ಟೆ ನೋಡುತ್ತಾ ಕೂತ. ಅತ್ತಿಗೆಗೆ ತಡೆಯಲಾಗಲಿಲ್ಲ.

"ಇನ್ನಾದ್ರೂ ಹೇಳ್ರಿ ಅವಳಿಗೆ."

ಅಣ್ಣ ಹೇಳಿದ. ದೊರೆಯ ಹೃದಯ ಸೋತಿದೆ, ಮತ್ತಿನ ಮದ್ದು ಕೊಟ್ಟರೆ ನಿಂತುಹೋಗಬಹುದು, ತಂಗಿಯನ್ನು ಕೇಳಿ ಬನ್ನಿ ಅಂತ ಡಾಕ್ಟರ್ ಮೊದಲೇ ಎಚ್ಚರಿಸಿದ್ದ. ಅವಳೂ ಒಪ್ಪಿದ್ದಾಳೆ ಅಂತ ಅಣ್ಣ ಸುಳ್ಳು ಹೇಳಿದ್ದ. ದೊರೆ ಸತ್ತ ಮೇಲೆ, ಅವಳಿಗೆ ತಿಳಿಸಬೇಡಿ ಅಂತ ಕೈಮುಗಿದಿದ್ದ.

"ಕೇಳಿದ್ರೆ ನೀನು ಬೇಡ ಅಂತಿದ್ದೆ ಪುಟ್ಟಿ. ಗಡ್ಡೆ ಒಡೆದು ಸಾಯ್ತಿದ್ದ."

"ಗೊತ್ತಿದ್ರೆ ಕೊನೇ ದಿನ ಅವನ ಪಕ್ಕ ಕೂತಿರ್ತಿದ್ದೆ ಅಣ್ಣ," ಎಂದಳು ಅವಳು. "ನಾನು ಬಟ್ಟೆ ಹೊಲೀತಿದ್ದೆ."

ಅದಾದ ಮೇಲೆ ಅವಳು ಅಣ್ಣನೊಂದಿಗೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬೆಂಚುಗಳು ಖಾಲಿ ಇದ್ದವು. ಡಾಕ್ಟರ್ ಒಬ್ಬನೇ ಟೇಬಲ್ ಒರೆಸುತ್ತಿದ್ದ.

"ಯಾಕೆ ಹೇಳ್ಲಿಲ್ಲ?" ಅವಳು ಒಳಗೆ ಬಂದವಳೇ ಕೇಳಿದಳು.

ಅವನಿಗೆ ಅರ್ಥವಾಯಿತು. "ಹೇಳಿದ್ರೆ ಅಣ್ಣನನ್ನ ಕಳ್ಕೊಳ್ತಿದ್ರಿ. ನಾನು ಹೊರಗಿನವನು. ನನ್ನನ್ನ ಬೈದ್ರೆ ಏನು ಹೋಗುತ್ತೆ ಅನ್ಕೊಂಡೆ."

"ಅಣ್ಣನನ್ನೂ ಕಳ್ಕೊಂಡೆ. ನಿಮ್ಮ ಹೆಸರನ್ನೂ ನಾನೇ ಹಾಳು ಮಾಡ್ದೆ. ನನಗೆ ಏನು ಗೊತ್ತಾಗ್ಬೇಕು, ಏನು ಗೊತ್ತಾಗ್ಬಾರ್ದು ಅಂತ ನೀವಿಬ್ರೂ ಸೇರಿ ತೀರ್ಮಾನ ಮಾಡಿದ್ರಿ. ನನ್ನ ಒಳ್ಳೇದಕ್ಕೆ, ಅಲ್ವಾ?"

ಅವನು ಒರೆಸುವುದನ್ನು ನಿಲ್ಲಿಸಿದ. ತಪ್ಪಾಯಿತು ಎಂದಷ್ಟೇ ಹೇಳಿದ.

ಅವಳು ಬಾಗಿಲವರೆಗೆ ಹೋದವಳು ನಿಂತಳು.

"ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಅವನು ಒರೆಸುವ ಬಟ್ಟೆಯನ್ನು ಮಡಚಿ ಟೇಬಲ್ ಮೇಲಿಟ್ಟ.

"ಇದೆ. ಇನ್ನೂ ಸ್ವಲ್ಪ ಹೊತ್ತು ಒತ್ತಿದ್ರೆ ದೊರೆ ಬದುಕ್ತಿದ್ನೇನೋ ಅಂತ ದಿನಾ ಅನ್ಸುತ್ತೆ. ಇಲ್ಲ ಅಂತ ಗೊತ್ತು. ಆದ್ರೂ ಅನ್ಸುತ್ತೆ. ಇನ್ನೊಂದು... ನನ್ನನ್ನ ಬೈಯೋಕೆ ಬಂದ ದಿನವೂ, ಒಳಗೆ ಹುಷಾರಿಲ್ಲದ ನಾಯಿಗಳಿವೆ ಅಂತ ನೀವು ದನಿ ತಗ್ಗಿಸಿ ಬೈದ್ರಿ. ಅವತ್ತಿಂದ ನಿಮ್ಮನ್ನ ಮನಸ್ಸಿಂದ ತೆಗೆಯೋಕೆ ಆಗ್ತಿಲ್ಲ."

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

"ನನ್ನ ಕೋಪ ಹೋಗಿಲ್ಲ," ಎಂದಳು.

"ಹೋಗೋದು ಬೇಡ."

"ನಿಮ್ಮನ್ನ ನೋಡಿದಾಗಲೆಲ್ಲ ಅವನು ನೆನಪಾಗ್ತಾನೆ."

"ನನಗೂ."

ಅವನು ಹತ್ತಿರ ಬಂದು ನಿನ್ನೆ ಒತ್ತಿ ಒತ್ತಿ ಊದಿದ್ದ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದ.

"ನೋಯುತ್ತಾ?"

"ತುಂಬಾ... ಬಿಡ್ಬೇಡಿ."